ಹಂಚಿದ ಜ್ಞಾನದ ಭಂಡಾರ

ಮುದ್ರಣಯಂತ್ರವಿಲ್ಲದಿದ್ದ ಕಾಲದಲ್ಲಿ ಒಂದು ಗ್ರಂಥ ಎರಡಾಗಬೇಕಾದರೆ ಯಾರಾದರೊಬ್ಬರು ಕುಳಿತು ಅದನ್ನು ಮೊದಲಿನಿಂದ ಕೊನೆಯವರೆಗೆ ಪ್ರತಿ ಮಾಡಬೇಕಾಗಿತ್ತು. ತಾಳೆಯ ಗರಿಗಳನ್ನು ಹದಗೊಳಿಸಿ, ಲೋಹದ ಕಂಟದಿಂದ ಅಕ್ಷರಗಳನ್ನು ಕೊರೆದು, ಅವು ಕಾಣಿಸುವಂತೆ ಮಸಿಯನ್ನು ಲೇಪಿಸುವುದು ಬಹು ದಿನಗಳ ಶ್ರಮದ ಕೆಲಸ. ಇಂಥ ಕಾಲದಲ್ಲಿ, ಹತ್ತನೆಯ ಶತಮಾನದಲ್ಲಿ, ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಆಹಾರ, ಔಷಧ, ಅಭಯಗಳ ದಾನದೊಡನೆ ಶಾಸ್ತ್ರದಾನವನ್ನೂ ಹಿರಿದೆಂದು ಜೈನರು ಎಣಿಸಿದ್ದರು. ಅನ್ನವನ್ನು ಕೊಟ್ಟರೆ ಕೊಟ್ಟವನ ಕಣಜ ಅಷ್ಟು ಬರಿದಾಗುತ್ತದೆ. ಗ್ರಂಥವನ್ನು ಪ್ರತಿ ಮಾಡಿಸಿ ಕೊಟ್ಟರೆ ಮೂಲಗ್ರಂಥ ಹಾಗೆಯೇ ಉಳಿಯುತ್ತದೆ. ಅದನ್ನು ಓದಿ ತಿಳಿದವರ ಸಂಖ್ಯೆ ಮಾತ್ರ ಬೆಳೆಯುತ್ತದೆ.

ಮುದ್ರಣ ಬಂದ ಮೇಲೆ ಪ್ರತಿಗಳನ್ನು ಮಾಡುವ ಶ್ರಮ ಕಡಿಮೆಯಾಯಿತು. ಆದರೂ ಪುಸ್ತಕದ ಒಂದು ಸ್ವಭಾವ ಬದಲಾಗಲಿಲ್ಲ. ಒಬ್ಬನ ಕೈಯಲ್ಲಿರುವ ಪುಸ್ತಕ ಅದೇ ಹೊತ್ತಿನಲ್ಲಿ ಮತ್ತೊಬ್ಬನ ಕೈಯಲ್ಲಿರಲಾರದು. ನಗರದ ದೊಡ್ಡ ಗ್ರಂಥಾಲಯದ ಕಪಾಟಿನಲ್ಲಿರುವ ಕೋಶ ದೂರದ ಹಳ್ಳಿಯ ವಿದ್ಯಾರ್ಥಿಗೆ ಇದ್ದೂ ಇಲ್ಲದಂತೆ. ಕಂಪ್ಯೂಟರು ಮತ್ತು ಅಂತರಜಾಲಗಳು ಈ ಸ್ಥಿತಿಯನ್ನು ಬಹುಮಟ್ಟಿಗೆ ಬದಲಿಸಿದವು. ಕಂಪ್ಯೂಟರಿನಲ್ಲಿ ಒಮ್ಮೆ ಸೇರಿಸಿದ ಗ್ರಂಥವನ್ನು ಸಾವಿರಾರು ಜನರು ಏಕಕಾಲದಲ್ಲಿ, ತಮ್ಮ ತಮ್ಮ ಊರುಗಳಲ್ಲಿ ಕುಳಿತು ಓದಬಹುದು. ಆದರೆ ಯಂತ್ರವು ತಾನಾಗಿ ಜ್ಞಾನವನ್ನು ಹಂಚುವುದಿಲ್ಲ. ಯಾರೋ ಒಬ್ಬರು ಶ್ರಮಪಟ್ಟು ಸಿದ್ಧಪಡಿಸಿ, ಅದನ್ನು ಎಲ್ಲರಿಗೂ ಬಿಟ್ಟುಕೊಡಲು ಮನಸ್ಸು ಮಾಡಿದಾಗ ಮಾತ್ರ ಅದು ಎಲ್ಲರಿಗೂ ದೊರೆಯುತ್ತದೆ. ಇಂದು ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಜಾಲತಾಣಗಳಲ್ಲಿಯೂ ತಂತ್ರಾಂಶಗಳಲ್ಲಿಯೂ ಉತ್ತಮವಾದ ಹಲವು ಇಂಥ ದಾನಬುದ್ಧಿಯಿಂದಲೇ ಹುಟ್ಟಿದವು.

ಇದಕ್ಕೆ ಅತ್ಯಂತ ಹಳೆಯ ನಿದರ್ಶನ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ದೊರೆಯುತ್ತದೆ. 1971ರಲ್ಲಿ ಮೈಕೇಲ್ ಹಾರ್ಟ್ ಅಲ್ಲಿ ವಿದ್ಯಾರ್ಥಿಯಾಗಿದ್ದರು. ಅಂದಿನ ಕಂಪ್ಯೂಟರುಗಳು ಕೋಣೆಯನ್ನೇ ತುಂಬುವಷ್ಟು ದೊಡ್ಡವು; ಅವುಗಳನ್ನು ಬಳಸುವ ಅವಕಾಶ ಕೆಲವೇ ಮಂದಿಗೆ ಮೀಸಲು. ಹಾರ್ಟ್ ಅವರಿಗೆ ಆ ಅವಕಾಶ ದೊರೆಯಿತು. ಅವರು ಅದನ್ನು ಲೆಕ್ಕಗಳಿಗಾಗಿ ಬಳಸಲಿಲ್ಲ. 1971ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ಆ ದೇಶದ ಸ್ವಾತಂತ್ರ್ಯ ಘೋಷಣೆಯ ಪೂರ್ಣಪಾಠವನ್ನು ಅಕ್ಷರ ಅಕ್ಷರವಾಗಿ ಕಂಪ್ಯೂಟರಿಗೆ ಸೇರಿಸಿ, ಬೇಕಾದವರು ತೆಗೆದುಕೊಳ್ಳಬಹುದೆಂದು ಇತರ ಬಳಕೆದಾರರಿಗೆ ತಿಳಿಸಿದರು. ಲೋಕದಲ್ಲಿರುವ ಪುಸ್ತಕಗಳನ್ನೆಲ್ಲ ಹೀಗೆ ಉಚಿತವಾಗಿ ಒದಗಿಸಬಹುದೆಂಬ ಕನಸು ಅವರದು. ಮುದ್ರಣಕಲೆಯ ಪ್ರವರ್ತಕನಾದ ಗುಟೆನ್‌ಬರ್ಗನ ನೆನಪಿಗಾಗಿ ಅವರು ಈ ಕಾರ್ಯಕ್ಕೆ ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಎಂದು ಹೆಸರಿಟ್ಟರು. ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಒಂದೊಂದಾಗಿ ಸೇರಿಸುತ್ತ ಬಂದರು. 2011ರಲ್ಲಿ ಹಾರ್ಟ್ ತೀರಿಕೊಂಡರು. ಅವರು ಆರಂಭಿಸಿದ ಭಂಡಾರದಲ್ಲಿ ಈಗ 70,000ಕ್ಕೂ ಹೆಚ್ಚು ಪುಸ್ತಕಗಳಿವೆ.

ಹಾರ್ಟ್ ಅವರ ಮೊದಲ ಪ್ರಯತ್ನದ ಕಾಲದಲ್ಲಿ ಕಂಪ್ಯೂಟರುಗಳ ನಡುವಿನ ಸಂಪರ್ಕ ಇನ್ನೂ ಶೈಶವಾವಸ್ಥೆಯಲ್ಲಿತ್ತು. ಸಾಮಾನ್ಯ ಜನರು ಸುಲಭವಾಗಿ ಪುಟದಿಂದ ಪುಟಕ್ಕೆ ಹೋಗುವಂತೆ ಮಾಡಿದ ಕೀರ್ತಿ ಟಿಮ್ ಬರ್ನರ್ಸ್-ಲೀ ಅವರಿಗೆ ಸಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅವರು 1989ರಲ್ಲಿ ‘ವರ್ಲ್ಡ್ ವೈಡ್ ವೆಬ್’ ಅಥವಾ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. ಒಂದು ಪುಟದಲ್ಲಿರುವ ಪದವನ್ನು ಮುಟ್ಟಿದೊಡನೆ ಅದಕ್ಕೆ ಸಂಬಂಧಿಸಿದ ಮತ್ತೊಂದು ಪುಟ, ಅದು ಯಾವ ದೇಶದ ಕಂಪ್ಯೂಟರಿನಲ್ಲಿದ್ದರೂ, ಕಣ್ಣಮುಂದೆ ತೆರೆದುಕೊಳ್ಳುವ ವ್ಯವಸ್ಥೆ ಅದು. ಈ ಯೋಜನೆಯನ್ನು ಗುಟ್ಟಾಗಿಟ್ಟು, ಬಳಸುವವರಿಂದ ಶುಲ್ಕ ಪಡೆಯುವುದು ಅಸಾಧ್ಯವಾಗಿರಲಿಲ್ಲ. ಆದರೆ 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಅದರ ತಂತ್ರಾಂಶವನ್ನು ಸರ್ವರ ಸ್ವತ್ತೆಂದು ಸಾರಿತು. ಯಾರು ಬೇಕಾದರೂ ಶುಲ್ಕವಿಲ್ಲದೆ ಜಾಲತಾಣವನ್ನು ಕಟ್ಟಬಹುದಾದುದರಿಂದಲೇ ಅದು ಕೆಲವೇ ವರ್ಷಗಳಲ್ಲಿ ಜಗತ್ತನ್ನು ವ್ಯಾಪಿಸಿತು.

ಹೀಗೆ ದಾರಿ ತೆರೆದ ಮೇಲೆ ಆ ದಾರಿಯಲ್ಲಿ ಬೋಧನೆಯೂ ನಡೆದುಬಂದಿತು. 2004ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿದ್ದ ಸಲ್ಮಾನ್ ಖಾನ್ ಎಂಬ ಯುವಕ, ದೂರದ ನ್ಯೂ ಆರ್ಲಿಯನ್ಸ್ ನಗರದಲ್ಲಿದ್ದ ತನ್ನ ಬಂಧುವಾದ ಬಾಲಕಿಗೆ ದೂರವಾಣಿಯ ಮೂಲಕ ಗಣಿತ ಹೇಳಿಕೊಡತೊಡಗಿದರು. ಬೇರೆ ಬಂಧುಗಳೂ ಪಾಠ ಕೇಳಲಾರಂಭಿಸಿದಾಗ, ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಹೇಳುವುದರ ಬದಲು 2006ರಿಂದ ಪಾಠಗಳನ್ನು ಚಿತ್ರೀಕರಿಸಿ ಅಂತರಜಾಲದಲ್ಲಿ ಇರಿಸಿದರು. ಆ ಬಂಧುಗಳಿಗೆ ಖಾನರ ನೇರ ಬೋಧನೆಗಿಂತ ಚಿತ್ರೀಕರಿಸಿದ ಪಾಠವೇ ಹೆಚ್ಚು ಹಿಡಿಸಿತು. ಇದಕ್ಕೆ ಕಾರಣ ಸರಳವಾದುದು. ಅರ್ಥವಾಗದ ಕಡೆ ಪಾಠವನ್ನು ನಿಲ್ಲಿಸಬಹುದು. ಹಿಂದಿನ ತರಗತಿಯಲ್ಲಿಯೇ ಕಲಿಯಬೇಕಾಗಿದ್ದ ವಿಷಯವನ್ನು ಸಂಕೋಚವಿಲ್ಲದೆ ಮತ್ತೊಮ್ಮೆ ಕೇಳಬಹುದು. ‘ಖಾನ್ ಅಕಾಡೆಮಿ’ಯೆಂದು ಹೆಸರಾದ ಈ ಲಾಭರಹಿತ ಸಂಸ್ಥೆಯ ಪಾಠಗಳು ಈಗ ಅನೇಕ ಭಾಷೆಗಳಲ್ಲಿವೆ, ಕನ್ನಡದಲ್ಲಿಯೂ ದೊರೆಯುತ್ತವೆ. ಭಾರತದಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ‘ಎನ್‌ಪಿಟೆಲ್’ ಯೋಜನೆ ಉನ್ನತ ತರಗತಿಗಳ ಉಪನ್ಯಾಸಗಳನ್ನು ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ಶಾಲಾ ಮಕ್ಕಳಿಗಾಗಿ 2017ರಲ್ಲಿ ‘ದೀಕ್ಷಾ’ ಎಂಬ ತಾಣ ಆರಂಭವಾಯಿತು. ಅದರಲ್ಲಿರುವ ಪಾಠಗಳಿಗೆ ದಾರಿ ತೋರುವ ಕ್ಯೂಆರ್ ಕೋಡ್ ಎಂಬ ಚೌಕಾಕಾರದ ಸಂಕೇತಗಳನ್ನು ಕರ್ನಾಟಕದ ಹಲವು ಪಠ್ಯಪುಸ್ತಕಗಳಲ್ಲಿ ಮುದ್ರಿಸಲಾಗಿದೆ.

ಆದರೆ ಕೇಳುವುದು ಮತ್ತು ನೋಡುವುದು ಕಲಿಕೆಯ ಒಂದು ಭಾಗ ಮಾತ್ರ. ಸ್ವತಃ ಮಾಡಿ ನೋಡಿದುದು ಮನಸ್ಸಿನಲ್ಲಿ ಹೆಚ್ಚು ಆಳವಾಗಿ ನಿಲ್ಲುತ್ತದೆ. ಇದಕ್ಕೆ ನೆರವಾಗುವ ತಂತ್ರಾಂಶಗಳೂ ಇವೆ. ಅವು ಕಲಿಕೆಗೆ ಎಷ್ಟು ಉಪಯುಕ್ತವೋ ಮನಸ್ಸಿಗೆ ಅಷ್ಟೇ ವಿನೋದಕರ. ಅವುಗಳಲ್ಲಿ ಒಂದು ‘ಜಿಯೋಜಿಬ್ರಾ’. ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಪದವಿಯ ಪ್ರಬಂಧಕ್ಕಾಗಿ ಇದನ್ನು ರೂಪಿಸಲಾರಂಭಿಸಿದರು. ಕಾಗದದ ಮೇಲೆ ಬರೆದ ಆಕೃತಿ ಬರೆದಂತೆಯೇ ಇರುತ್ತದೆ. ಜಿಯೋಜಿಬ್ರಾದಲ್ಲಿ ಬರೆದ ಆಕೃತಿಯ ಶೃಂಗವನ್ನು ಹಿಡಿದು ಎಳೆದರೆ ಆಕೃತಿ ಬದಲಾಗುತ್ತದೆ. ಅದರ ಭುಜಗಳ ಉದ್ದವೂ ಕೋನಗಳ ಅಳತೆಯೂ ಒಡನೆಯೇ ಬದಲಾಗಿ ಕಾಣುತ್ತವೆ.

ಒಂದು ಉದಾಹರಣೆಯನ್ನು ನೋಡಬಹುದು. ಯಾವುದೇ ಒಂದು ಚತುರ್ಭುಜವನ್ನು ಬರೆದು, ಅದರ ನಾಲ್ಕು ಭುಜಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಒಳಗೆ ಮತ್ತೊಂದು ಚತುರ್ಭುಜ ಉಂಟಾಗುತ್ತದೆ. ಹೊರಗಿನ ಆಕೃತಿಯನ್ನು ಎಷ್ಟೇ ಎಳೆದು ವಕ್ರವಾಗಿಸಿದರೂ ಒಳಗಿನದು ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಇದನ್ನು ಕಂಡ ವಿದ್ಯಾರ್ಥಿಗೆ ಆಶ್ಚರ್ಯವಾಗುವುದು ಸಹಜ. ‘ಹೀಗೇಕೆ ಆಗುತ್ತದೆ?’ ಎಂಬ ಪ್ರಶ್ನೆ ಆ ಆಶ್ಚರ್ಯದಿಂದ ಹುಟ್ಟುತ್ತದೆ. ನೂರು ಆಕೃತಿಗಳಲ್ಲಿ ಸರಿಯಾಗಿ ಕಂಡುಬಂದ ಮಾತ್ರಕ್ಕೆ ಪ್ರಮೇಯ ಸಾಧಿತವಾಯಿತೆನ್ನಲಾಗದು. ನೂರ ಒಂದನೆಯದರಲ್ಲಿ ಅದು ತಪ್ಪದೆಂಬುದಕ್ಕೆ ಕಣ್ಣು ಸಾಕ್ಷಿ ಹೇಳಲಾರದು. ಒಂದು ಕರ್ಣವನ್ನು ಎಳೆದು, ತ್ರಿಭುಜದ ಮಧ್ಯಬಿಂದು ಪ್ರಮೇಯವನ್ನು ಎರಡು ಕಡೆಯೂ ಅನ್ವಯಿಸಿದಾಗ ಸಾಧನೆ ದೊರೆಯುತ್ತದೆ. ಆ ಕೆಲಸ ನಡೆಯಬೇಕಾದುದು ನೋಟ್‌ಪುಸ್ತಕದಲ್ಲಿ. ತಂತ್ರಾಂಶ ಪ್ರಶ್ನೆಯನ್ನು ಎಬ್ಬಿಸುತ್ತದೆ. ಉತ್ತರವನ್ನು ವಿದ್ಯಾರ್ಥಿಯ ಬುದ್ಧಿಯೇ ಕಂಡುಕೊಳ್ಳಬೇಕು.

ವಿಜ್ಞಾನಕ್ಕೆ ಸಂಬಂಧಿಸಿದಂತೆ ‘ಫೆಟ್’ ಎಂಬ ತಾಣ ಇದೇ ಬಗೆಯ ಉಪಕಾರವನ್ನು ಮಾಡಿದೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಕಾರ್ಲ್ ವೀಮನ್ ಮರುವರ್ಷವೇ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಇದನ್ನು ಸ್ಥಾಪಿಸಿದರು. ಇದರಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳ ಚಲಿಸುವ ಮಾದರಿಗಳಿವೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ. ಲೋಲಕದ ಮಾದರಿಯಲ್ಲಿ ದಾರದ ಉದ್ದವನ್ನು 1 ಮೀಟರಿಗೆ ಇರಿಸಿದರೆ ಒಂದು ಪೂರ್ಣ ಆಂದೋಲನಕ್ಕೆ ಸುಮಾರು 2 ಸೆಕೆಂಡು ಬೇಕಾಗುತ್ತದೆ. ಗುಂಡಿನ ದ್ರವ್ಯರಾಶಿಯನ್ನು ಹೆಚ್ಚಿಸಿದರೂ ಈ ಕಾಲ ಬದಲಾಗುವುದಿಲ್ಲ. ಅದೇ ಲೋಲಕವನ್ನು ಚಂದ್ರನ ಮೇಲಿರಿಸಿದಂತೆ ಮಾಡಿದರೆ ಅದು ನಿಧಾನವಾಗಿ, ಒಂದು ಆಂದೋಲನಕ್ಕೆ ಸುಮಾರು 5 ಸೆಕೆಂಡು ತೆಗೆದುಕೊಂಡು ತೂಗುತ್ತದೆ. ಚಂದ್ರನಲ್ಲಿಗೆ ಹೋಗಿ ಪ್ರಯೋಗ ಮಾಡಲು ಶಾಲೆಯ ಮಕ್ಕಳಿಗೆ ಸಾಧ್ಯವಿಲ್ಲ. ಆದರೆ ಒಂದು ಕಲ್ಲು, ಒಂದು ದಾರ ಮತ್ತು ಗಡಿಯಾರವಿದ್ದರೆ ಮೊದಲಿನ ಎರಡು ಫಲಿತಾಂಶಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತೆರೆಯ ಮೇಲೆ ಕಂಡುದನ್ನು ಕೈಯಿಂದ ಪರೀಕ್ಷಿಸಿದಾಗಲೇ ಅದು ಸ್ವಂತ ಅರಿವಾಗುತ್ತದೆ.

ಆಕಾಶವನ್ನು ಪರಿಚಯಿಸುವ ‘ಸ್ಟೆಲ್ಲೇರಿಯಮ್’ ಮತ್ತೊಂದು ಸೊಗಸಾದ ತಂತ್ರಾಂಶ. ಫ್ರಾನ್ಸಿನ ಫಾಬಿಯನ್ ಶೆರೋ 2000ದಲ್ಲಿ ಇದನ್ನು ಆರಂಭಿಸಿದರು. ಅನಂತರ ಅನೇಕ ಸ್ವಯಂಸೇವಕರು ಇದನ್ನು ಬೆಳೆಸಿದರು. ಊರು, ದಿನಾಂಕ, ವೇಳೆಗಳನ್ನು ತಿಳಿಸಿದರೆ ಆ ಊರಿನಿಂದ ಆ ಹೊತ್ತಿಗೆ ಕಾಣುವ ಗ್ರಹನಕ್ಷತ್ರಗಳನ್ನು ಅದು ತೋರಿಸುತ್ತದೆ. ಮುಂಬರುವ ರಾತ್ರಿಯನ್ನಷ್ಟೇ ಅಲ್ಲ, ಕಳೆದುಹೋದ ಹಗಲನ್ನೂ ಅದರಲ್ಲಿ ನೋಡಬಹುದು. 1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ಕೆಲವು ಭಾಗಗಳಲ್ಲಿ ಸಂಪೂರ್ಣ ಸೂರ್ಯಗ್ರಹಣ ಸಂಭವಿಸಿತ್ತು. ಅಂದು ಬಾಲಕರಾಗಿದ್ದ ಅಜ್ಜ ಅಜ್ಜಿಯರು ಹಾಡಹಗಲೇ ಕತ್ತಲೆ ಕವಿದ ಸಂಗತಿಯನ್ನು ಮನೆಯಲ್ಲಿ ಹೇಳಿದ್ದರೆ, ಇಂದಿನ ವಿದ್ಯಾರ್ಥಿ ರಾಯಚೂರನ್ನು ಆರಿಸಿ, ಕಾಲವನ್ನು ಆ ದಿನದ ಮಧ್ಯಾಹ್ನಕ್ಕೆ ತಿರುಗಿಸಿ, ಚಂದ್ರನು ಸೂರ್ಯನನ್ನು ಮರೆಮಾಡುವುದನ್ನು ತಾನೂ ನೋಡಬಹುದು. ಬಳಿಕ ಕಂಪ್ಯೂಟರನ್ನು ಮುಚ್ಚಿ ಮನೆಯ ಹೊರಗೆ ನಿಂತು ನಿಜವಾದ ಆಕಾಶದಲ್ಲಿ ಕೃತ್ತಿಕೆಯನ್ನೋ ರೋಹಿಣಿಯನ್ನೋ ಗುರುತಿಸಿದರೆ ತಂತ್ರಾಂಶದ ಉದ್ದೇಶ ಸಾರ್ಥಕವಾದಂತೆ.

ಈ ಸಾಧನಗಳಲ್ಲಿ ಬಹುಪಾಲು ಮೊದಲು ಇಂಗ್ಲಿಷಿನಲ್ಲಿ ಸಿದ್ಧವಾದವು. ಕನ್ನಡವು ಕಂಪ್ಯೂಟರಿನಲ್ಲಿ ನೆಲೆಗೊಳ್ಳಲು ಬೇರೆಯೇ ಒಂದು ಪ್ರಯತ್ನ ಬೇಕಾಯಿತು. ಕಂಪ್ಯೂಟರು ಅಕ್ಷರಗಳನ್ನು ಅಕ್ಷರಗಳಾಗಿ ಅರಿಯದು. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿ, ಆ ಸಂಖ್ಯೆಯನ್ನೇ ಅದು ಸಂಗ್ರಹಿಸುತ್ತದೆ. ಮೊದಮೊದಲು ಕನ್ನಡದ ಒಂದೊಂದು ತಂತ್ರಾಂಶವೂ ತನ್ನದೇ ಆದ ಸಂಖ್ಯೆಗಳನ್ನು ಬಳಸುತ್ತಿತ್ತು. ಒಂದರಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೋರುತ್ತಿತ್ತು. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಕೊಡುವ ಉದ್ದೇಶದಿಂದ 1991ರಲ್ಲಿ ಪ್ರಕಟವಾದ ‘ಯೂನಿಕೋಡ್’ ವ್ಯವಸ್ಥೆಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಅದರಂತೆ ‘ಕ’ ಅಕ್ಷರದ ಸಂಖ್ಯೆ 3221; ಅದು ಬೀದರಿನಲ್ಲಿಯೂ ಅದೇ, ಬರ್ಲಿನ್ನಿನಲ್ಲಿಯೂ ಅದೇ. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಸುಲಭವಾಗಿ ಬರೆಯುವ ವಿನ್ಯಾಸವನ್ನು ಕೆ. ಪಿ. ರಾವ್ ರೂಪಿಸಿದರು. ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಇಂದು ವಿದ್ಯಾರ್ಥಿಯೊಬ್ಬ ಕನ್ನಡದ ಪದವನ್ನು ಬರೆದು ಅಂತರಜಾಲದಲ್ಲಿ ಹುಡುಕಬಲ್ಲನಾದರೆ ಅದರ ಹಿಂದೆ ಇಂಥವರ ಪರಿಶ್ರಮವಿದೆ.

ಹುಡುಕಿದಾಗ ದೊರೆಯಲು ಕನ್ನಡದಲ್ಲಿ ವಿಷಯವೂ ಇರಬೇಕಷ್ಟೆ. ಈ ದಿಕ್ಕಿನಲ್ಲಿ ಒಬ್ಬ ವ್ಯಕ್ತಿಯ ತಪಸ್ಸು ಎಷ್ಟನ್ನು ಸಾಧಿಸಬಹುದೆಂಬುದಕ್ಕೆ ‘ಅಲರ್’ ನಿಘಂಟು ಸಾಕ್ಷಿಯಾಗಿದೆ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾಗಿ, ತಲೆಮಾರುಗಳ ಕಾಲ ವಿದ್ವಾಂಸರಿಗೆ ಆಧಾರವಾಯಿತು. ಅದೇ ಪರಂಪರೆಯಲ್ಲಿ ವಿ. ಕೃಷ್ಣ ಸುಮಾರು ನಾಲ್ಕು ದಶಕಗಳ ಕಾಲ ಏಕಾಂಗಿಯಾಗಿ ಪದಗಳನ್ನು ಸಂಗ್ರಹಿಸಿ ಅರ್ಥಗಳನ್ನು ಬರೆದರು. 1.5 ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿರುವ ಈ ನಿಘಂಟು 2019ರಲ್ಲಿ ಅಂತರಜಾಲದಲ್ಲಿ ಪ್ರಕಟವಾಯಿತು. ಅದನ್ನು ಓದುವುದಕ್ಕೆ ಹಣ ಕೊಡಬೇಕಾಗಿಲ್ಲ. ಅಷ್ಟೇ ಅಲ್ಲ, ಅದರ ಪದಸಂಪತ್ತನ್ನು ಬಳಸಿಕೊಂಡು ಬೇರೆಯವರು ಹೊಸ ಸಾಧನಗಳನ್ನು ಕಟ್ಟುವುದಕ್ಕೂ ಅವರು ಅನುಮತಿ ಕೊಟ್ಟರು. ನಾಲ್ಕು ದಶಕಗಳ ದುಡಿಮೆಯ ಫಲವನ್ನು ಹೀಗೆ ನಾಡಿಗೆ ಒಪ್ಪಿಸಿದುದು ಶಾಸ್ತ್ರದಾನದ ಇಂದಿನ ರೂಪವೆಂದರೆ ತಪ್ಪಾಗದು.

ಒಬ್ಬರಿಂದ ಆಗದ ಕೆಲಸವನ್ನು ಹಲವರು ಕೂಡಿ ಮಾಡುವ ಬಗೆಯೂ ಉಂಟು. 2001ರ ಜನವರಿ 15ರಂದು ಆರಂಭವಾದ ‘ವಿಕಿಪೀಡಿಯ’ ವಿಶ್ವಕೋಶವನ್ನು ಓದುಗರೇ ಬರೆಯುತ್ತಾರೆ, ಓದುಗರೇ ತಿದ್ದುತ್ತಾರೆ. ಯಾವ ವಾಕ್ಯ ಯಾವಾಗ ಸೇರಿತು, ಯಾವುದು ತೆಗೆಯಲ್ಪಟ್ಟಿತು ಎಂಬ ಚರಿತ್ರೆ ಪ್ರತಿಯೊಂದು ಪುಟದ ಹಿಂದೆಯೂ ಉಳಿದಿರುತ್ತದೆ. ಬರೆದ ಮಾತಿಗೆ ಆಧಾರವನ್ನು ತೋರಿಸಬೇಕೆಂಬುದು ಅಲ್ಲಿನ ನಿಯಮ. ಕನ್ನಡ ವಿಕಿಪೀಡಿಯ 2003ರಲ್ಲಿ ಪ್ರಾರಂಭವಾಯಿತು. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಮಿಗಿಲಾದ ಲೇಖನಗಳಿದ್ದರೆ ಕನ್ನಡದಲ್ಲಿರುವ ಲೇಖನಗಳ ಸಂಖ್ಯೆ 30 ಸಾವಿರವನ್ನು ದಾಟಿದೆ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯ್ನುಡಿಯಾಗಿ ಉಳ್ಳವರು ಸುಮಾರು 4 ಕೋಟಿ 37 ಲಕ್ಷ ಮಂದಿ. ಇಷ್ಟು ಜನರ ಭಾಷೆಯಲ್ಲಿ ಇಷ್ಟೇ ಲೇಖನಗಳಿರುವುದು ಭಾಷೆಯ ಬಡತನವಲ್ಲ. ಬರೆಯುವ ಕೈಗಳ ಕೊರತೆ. ಇಂಗ್ಲಿಷ್ ಬಾರದ ವಿದ್ಯಾರ್ಥಿಗೆ ಈ ಕೊರತೆಯ ಅರ್ಥ ಸ್ಪಷ್ಟ. ಅವನು ಕೇಳುವ ಪ್ರಶ್ನೆಗೆ ಅವನ ಭಾಷೆಯಲ್ಲಿ ಉತ್ತರ ಬರೆದವರು ಇಲ್ಲದಿದ್ದರೆ, ಭಂಡಾರದ ಬಾಗಿಲು ತೆರೆದಿದ್ದರೂ ಅವನ ಪಾಲಿಗೆ ಅದು ಮುಚ್ಚಿದಂತೆಯೇ.

ಎಲ್ಲರೂ ಬರೆಯಬಹುದಾದ ಕಡೆ ಸುಳ್ಳೂ ಸೇರಬಹುದು. 1998ರಲ್ಲಿ ಅಮೆರಿಕದ ಒಬ್ಬ ವಿನೋದಪ್ರಿಯ ಒಂದು ಜಾಲತಾಣವನ್ನು ಕಟ್ಟಿದ. ಮರಗಳ ಮೇಲೆ ವಾಸಿಸುವ ಎಂಟು ಬಾಹುಗಳ ಆಕ್ಟೋಪಸ್ ಎಂಬ ಪ್ರಾಣಿ ಅಳಿವಿನ ಅಂಚಿನಲ್ಲಿದೆಯೆಂದೂ ಅದನ್ನು ಉಳಿಸಬೇಕೆಂದೂ ಅದರಲ್ಲಿ ಗಂಭೀರವಾಗಿ ಬರೆದಿತ್ತು, ಚಿತ್ರಗಳೂ ಇದ್ದವು. ಅಂಥ ಪ್ರಾಣಿ ಲೋಕದಲ್ಲಿಲ್ಲ. ಆಕ್ಟೋಪಸ್ ಸಮುದ್ರದ ಜೀವಿ. ಆದರೂ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಶಾಲಾ ಮಕ್ಕಳಿಗೆ ಈ ತಾಣವನ್ನು ತೋರಿಸಿದಾಗ ಅವರು ಅದನ್ನು ನಿಜವೆಂದೇ ನಂಬಿದರು. ಅಂದವಾದ ಪುಟ, ಸ್ಪಷ್ಟವಾದ ಚಿತ್ರ, ಗಂಭೀರವಾದ ಭಾಷೆ ಇವು ಯಾವುವೂ ಸತ್ಯದ ಲಕ್ಷಣಗಳಲ್ಲವೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಇಂದು ಕಂಪ್ಯೂಟರುಗಳೇ ಕ್ಷಣಾರ್ಧದಲ್ಲಿ ಲೇಖನವನ್ನೂ ಚಿತ್ರವನ್ನೂ ರಚಿಸಬಲ್ಲವಾದುದರಿಂದ ಈ ಎಚ್ಚರ ಮೊದಲಿಗಿಂತಲೂ ಅಗತ್ಯವಾಗಿದೆ.

ಆದುದರಿಂದ ಒಂದು ತಾಣವನ್ನು ನಂಬುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದನ್ನು ಬರೆದವರು ಯಾರು? ಆ ವಿಷಯವನ್ನು ಅವರು ಬಲ್ಲರೆಂಬುದಕ್ಕೆ ಆಧಾರವೇನು? ಯಾವಾಗ ಬರೆದುದು? ಏತಕ್ಕಾಗಿ ಬರೆದುದು, ತಿಳಿಸಲೋ ಅಥವಾ ಏನನ್ನಾದರೂ ಮಾರಲೋ? ಇದೇ ಸಂಗತಿಯನ್ನು ಇದಕ್ಕೆ ಸಂಬಂಧವಿಲ್ಲದ ಬೇರೊಂದು ತಾಣವಾಗಲಿ ಪುಸ್ತಕವಾಗಲಿ ಹೇಳುತ್ತದೆಯೆ? ಹುಡುಕುವಾಗಲೂ ವಿವೇಕ ಬೇಕು. ‘ಹಕ್ಕಿ’ ಎಂದಷ್ಟೇ ಕೇಳಿದರೆ ಲಕ್ಷಾಂತರ ಪುಟಗಳು ಎದುರಾಗುತ್ತವೆ. ‘ರಂಗನತಿಟ್ಟಿಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳು’ ಎಂದು ಕೇಳಿದರೆ ಉತ್ತರ ಹತ್ತಿರವಾಗುತ್ತದೆ. ಪ್ರಶ್ನೆ ಎಷ್ಟು ಖಚಿತವೋ ಉತ್ತರವೂ ಅಷ್ಟೇ ಖಚಿತ.

‘ಉಚಿತ’ ಎಂಬ ಮಾತಿನಲ್ಲಿಯೂ ಎರಡು ಬಗೆಗಳಿವೆ. ದಾನವಾಗಿ ಬಂದುದು ಒಂದು. ಹಣದ ಬದಲು ಬಳಸುವವನ ವೇಳೆಯನ್ನೂ ವೈಯಕ್ತಿಕ ವಿವರಗಳನ್ನೂ ಪಡೆದು, ಜಾಹೀರಾತುಗಳ ಮೂಲಕ ಲಾಭ ಗಳಿಸುವುದು ಇನ್ನೊಂದು. ಎರಡನೆಯ ಬಗೆಯ ತಾಣಗಳೂ ಆಟಗಳೂ ನೋಡುವವನು ಎದ್ದುಹೋಗದಂತೆ ಒಂದರ ಮೇಲೊಂದು ಆಕರ್ಷಣೆಯನ್ನು ಒಡ್ಡುತ್ತವೆ. ಅರ್ಧ ಗಂಟೆಯೆಂದು ಕುಳಿತವನು ಅರ್ಧ ದಿನವನ್ನು ಕಳೆಯುವುದು ಅಪರೂಪವಲ್ಲ. ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಗುಪ್ತಪದಗಳನ್ನು ಕೇಳುವ ತಾಣಗಳಿಗೆ ಮನೆಯ ಹಿರಿಯರನ್ನಾಗಲಿ ಅಧ್ಯಾಪಕರನ್ನಾಗಲಿ ವಿಚಾರಿಸದೆ ಉತ್ತರಿಸಬಾರದು. ಏನನ್ನು ಕಲಿಯಬೇಕೆಂದು ಮೊದಲೇ ನಿಶ್ಚಯಿಸಿಕೊಂಡು, ಕಲಿತ ಮೇಲೆ ಏಳುವವನಿಗೆ ಯಂತ್ರ ಸೇವಕ. ನಿಶ್ಚಯವಿಲ್ಲದವನಿಗೆ ಅದೇ ಯಜಮಾನ.

ಜಾಲದಿಂದ ಪಡೆಯುವುದರ ಜೊತೆಗೆ ಅದಕ್ಕೆ ಕೊಡುವುದಕ್ಕೂ ಸಾಮಾನ್ಯರಿಗೆ ಅವಕಾಶವಿದೆಯೆಂಬುದಕ್ಕೆ ಒಂದು ಸ್ವಾರಸ್ಯಕರ ಘಟನೆಯಿದೆ. ದೊಡ್ಡ ದೂರದರ್ಶಕವೊಂದು ಸೆರೆಹಿಡಿದ ಲಕ್ಷಾಂತರ ಗೆಲಾಕ್ಸಿಗಳ ಚಿತ್ರಗಳನ್ನು ಆಕಾರಕ್ಕೆ ತಕ್ಕಂತೆ ವಿಂಗಡಿಸುವುದು ಕೆಲವೇ ವಿಜ್ಞಾನಿಗಳಿಂದ ಆಗುವಂತಿರಲಿಲ್ಲ. ಅವರು 2007ರ ಜುಲೈಯಲ್ಲಿ ‘ಗೆಲಾಕ್ಸಿ ಜೂ’ ಎಂಬ ತಾಣವನ್ನು ತೆರೆದು, ಈ ಕೆಲಸದಲ್ಲಿ ನೆರವಾಗುವಂತೆ ಜನರನ್ನು ಕೇಳಿಕೊಂಡರು. ಮೊದಲ ವರ್ಷದಲ್ಲಿಯೇ ಸುಮಾರು 1.5 ಲಕ್ಷ ಜನರು 5 ಕೋಟಿಗೂ ಹೆಚ್ಚು ಬಾರಿ ಚಿತ್ರಗಳನ್ನು ನೋಡಿ ವಿಂಗಡಿಸಿದರು. ಅವರಲ್ಲಿ ಹನ್ನಿ ಫಾನ್ ಆರ್ಕೆಲ್ ಎಂಬ ನೆದರ್ಲೆಂಡಿನ ಶಾಲಾ ಅಧ್ಯಾಪಕಿಯೂ ಒಬ್ಬರು. ಒಂದು ಗೆಲಾಕ್ಸಿಯ ಪಕ್ಕದಲ್ಲಿ ಅವರಿಗೆ ವಿಚಿತ್ರವಾದ ಕಲೆಯೊಂದು ಕಾಣಿಸಿತು. ‘ಇದೇನು?’ ಎಂದು ಅವರು ಕೇಳಿದರು. ವಿಜ್ಞಾನಿಗಳಿಗೂ ಅದು ಹೊಸದಾಗಿತ್ತು. ನೆರೆಯ ಗೆಲಾಕ್ಸಿಯ ಕೇಂದ್ರ ಹಿಂದೊಮ್ಮೆ ಅತಿ ಪ್ರಖರವಾಗಿ ಬೆಳಗಿದ್ದು, ಈಗ ಅದು ಮಂಕಾಗಿದ್ದರೂ ಅಂದಿನ ಬೆಳಕಿನಿಂದ ಹೊಳೆಯುತ್ತಿರುವ ಅನಿಲರಾಶಿ ಅದೆಂದು ಅನಂತರ ತಿಳಿದುಬಂದಿತು. ಡಚ್ ಭಾಷೆಯಲ್ಲಿ ‘ಫೋರ್‌ವೆರ್ಪ್’ ಎಂದರೆ ವಸ್ತು. ಆ ಅನಿಲರಾಶಿ ಇಂದಿಗೂ ‘ಹನ್ನಿಯ ಫೋರ್‌ವೆರ್ಪ್’ ಎಂದೇ ಖಗೋಳವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಅದನ್ನು ಕಂಡವರು ಇನ್ನೂ ಇದ್ದಿರಬಹುದು. ನಿಂತು ಪ್ರಶ್ನಿಸಿದವರು ಆ ಅಧ್ಯಾಪಕಿ.

ಇಂಥ ಕೊಡುಗೆ ಪ್ರಾಣವನ್ನು ಉಳಿಸಿದ ಸಂದರ್ಭಗಳೂ ಇವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬುದು ಜನರೇ ರಚಿಸುವ ಲೋಕದ ಭೂಪಟ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೀಕರ ಭೂಕಂಪ ಸಂಭವಿಸಿದಾಗ ಅಲ್ಲಿನ ರಾಜಧಾನಿಯ ವಿವರವಾದ ನಕ್ಷೆ ರಕ್ಷಣಾ ಕಾರ್ಯಕರ್ತರ ಬಳಿ ಇರಲಿಲ್ಲ. ಬೇರೆ ಬೇರೆ ದೇಶಗಳ ಸ್ವಯಂಸೇವಕರು ತಮ್ಮ ಮನೆಗಳಲ್ಲಿಯೇ ಕುಳಿತು, ಮೇಲಿನಿಂದ ತೆಗೆದ ಚಿತ್ರಗಳನ್ನು ನೋಡಿ, ಬೀದಿಗಳನ್ನೂ ಕುಸಿದ ಕಟ್ಟಡಗಳನ್ನೂ ಕೆಲವೇ ದಿನಗಳಲ್ಲಿ ಗುರುತಿಸಿದರು. ಆ ನಕ್ಷೆಯನ್ನು ಹಿಡಿದು ರಕ್ಷಣಾ ತಂಡಗಳು ಕೆಲಸ ಮಾಡಿದವು. ದೂರದ ದೇಶದವರು ಅರಿಯದ ಊರಿನ ನಕ್ಷೆಯನ್ನು ಬರೆಯಬಲ್ಲರಾದರೆ, ಸ್ವಂತ ಊರಿನ ಕೆರೆ, ಬಾವಿ, ಶಾಲೆ, ಆಸ್ಪತ್ರೆಗಳನ್ನು ಗುರುತಿಸುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಕಷ್ಟವಾಗಲಾರದು.

ಎಲ್ಲ ಮನೆಗಳಲ್ಲಿಯೂ ಕಂಪ್ಯೂಟರಿಲ್ಲ. ಎಲ್ಲ ಊರುಗಳಲ್ಲಿಯೂ ಸಂಪರ್ಕ ಸರಿಯಾಗಿಲ್ಲ. ಒಂದು ಯಂತ್ರವನ್ನು ನಾಲ್ವರು ಹಂಚಿಕೊಳ್ಳಬೇಕಾದಲ್ಲಿ ಒಬ್ಬನು ಕಲಿತುದನ್ನು ಉಳಿದ ಮೂವರಿಗೆ ಹೇಳಿಕೊಡುವುದೂ ಜ್ಞಾನದಾನವೇ. ಊರಿನ ಶಾಸನದ ಕಲ್ಲು, ಹಳೆಯ ಕೆರೆಯ ಹೆಸರು, ಗದ್ದೆಯ ಬದುವಿನಲ್ಲಿ ಬೆಳೆಯುವ ಔಷಧಿಯ ಗಿಡ, ಇವುಗಳ ವಿಷಯವನ್ನು ಊರಿನವರೇ ಬಲ್ಲರು. ಹಿರಿಯರನ್ನು ವಿಚಾರಿಸಿ, ಪುಸ್ತಕಗಳೊಡನೆ ಹೋಲಿಸಿ ನೋಡಿ, ಅಧ್ಯಾಪಕರ ಮಾರ್ಗದರ್ಶನದಲ್ಲಿ ಹತ್ತು ಸರಿಯಾದ ವಾಕ್ಯಗಳನ್ನು ಕನ್ನಡದಲ್ಲಿ ಬರೆದು ವಿಶ್ವಕೋಶಕ್ಕೆ ಸೇರಿಸಿದರೆ, ಅವು ಮುಂದೊಂದು ದಿನ ಯಾವುದೋ ಊರಿನ, ಹೆಸರು ತಿಳಿಯದ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಾಗುತ್ತವೆ. ಹಾರ್ಟ್ ಟೈಪ್ ಮಾಡಿದ ಪುಟಗಳನ್ನೂ ಕೃಷ್ಣ ಬರೆದ ಪದಾರ್ಥಗಳನ್ನೂ ಅಂಥ ಅಪರಿಚಿತರೇ ಓದುತ್ತಿದ್ದಾರೆ. ಅವರಿಂದ ಪಡೆದುದಕ್ಕೆ ಹಣದಿಂದ ಬೆಲೆ ಕಟ್ಟಲಾಗದು. ಎಚ್ಚರದಿಂದ ಕಲಿತು, ಕಲಿತುದರಲ್ಲಿ ಸ್ವಲ್ಪವನ್ನಾದರೂ ಮುಂದಿನವರಿಗೆ ಉಳಿಸುವುದೊಂದೇ ಆ ಋಣವನ್ನು ತೀರಿಸುವ ದಾರಿ.